ಕಾರಣ ನನ್ನದು, ಕೈಗುಣ ಅವನದು

ಸೋಲಾಪುರದ ನಮ್ಮ ಪಶುರೋಗ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ನಾಲ್ಕೈದು ಜನ ಮೊನ್ನೆ ಮನೆಗೆ ಬಂದಿದ್ದರು. “ಸರ್, ನಿಮ್ಮ ಅನುಭವ ಬರದು ಕೊಡ್ರಿ, ನಮಗ ಮಾರ್ಗದರ್ಶನ ಆಗ್ತದ” ಎಂದರು. ಅವರಲ್ಲೊಬ್ಬಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಮಾತ್ರ ಬರುವುದಿಲ್ಲವಂತೆ. ಮರಾಠಿಯಲ್ಲಿ ಬರೆದರೆ ಅನುಕೂಲ ಎಂದಳು. “ನಾ ಕನ್ನಡದಾಗ ಬರೀತೀನಿ, ನೀ ನಿಮ್ಮ ಅಜ್ಜಿ ಕಡೆ ಓದಿಸ್ಕೊ” ಎಂದೆ. ಮಾರ್ಗದರ್ಶನ ಮಾಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನೌಕರಿಯುದ್ದಕ್ಕೂ ನಾನು ಮಾಡಿದ್ದು ಎರಡೇ ಕೆಲಸ. ಆಡುಗಳ ಭೇದಿಗೆ ಯಾವ ಬ್ಯಾಕ್ಟೀರಿಯಾ ಕಾರಣವೆಂದು ಹುಡುಕಿದ್ದು ಒಂದು, ಅಕ್ಕಲಕೋಟದ ಡಾಕ್ಟರ್ ಸಿದ್ರಾಮನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಇನ್ನೊಂದು. ಎರಡನ್ನೂ ಮನಸ್ಸಿಟ್ಟು ಮಾಡಿದ್ದೇನೆ.

ಅಸೂಯೆ, ಮತ್ಸರ ಅನ್ನುವ ಪುಸ್ತಕದ ಮಾತು ನನಗೆ ಬೇಡ. ಅದು ಹೊಟ್ಟೆಕಿಚ್ಚೇ. ಜೀವಮಾನವೆಲ್ಲ ಹೊಟ್ಟೆಯ ರೋಗಗಳನ್ನೇ ನೋಡಿದವನಿಗೆ ಹೊಟ್ಟೆಕಿಚ್ಚಲ್ಲದೆ ಇನ್ನೇನು ಬಂದೀತು? ಇದನ್ನು ಓದಿ ಯಾರಿಗಾದರೂ ಮುಜುಗರವಾದರೆ ಅವರು ಲಸಿಕೆಯ ಕರಪತ್ರ ಓದಿಕೊಂಡಿರಲಿ.

ನಮ್ಮದು ಸೋಲಾಪುರದ ಹಳೆಯ ವ್ಯಾಪಾರದ ಮನೆತನ, ಚಾದರದ ಅಂಗಡಿ. ನಾನು ಪಶುವೈದ್ಯ ಓದಿ, ಅದರಲ್ಲೂ ಪ್ರಯೋಗಾಲಯಕ್ಕೆ ಹೋಗುತ್ತೇನೆಂದಾಗ ಅಪ್ಪ ಗಿರಾಕಿಗಳೆದುರು ಹಣೆ ಬಡಿದುಕೊಂಡರು. “ಗಾದಿ ಮ್ಯಾಲ ಕುಂಡ್ರೋದು ಬಿಟ್ಟು ಆಡಿನ ಹಿಕ್ಕಿ ನೋಡಾಕ ಹೊಂಟಾನ ನೋಡ್ರಿ ನಮ್ಮ ಮಲ್ಲಿನಾಥ!” ಅಂದಿನಿಂದ ಗಲ್ಲಿಯಲ್ಲಿ ನನಗೆ ‘ಹಿಕ್ಕಿ ಡಾಕ್ಟರ್’ ಎಂದೇ ಹೆಸರು. ನನ್ನ ಮದುವೆಯಲ್ಲೂ ಒಬ್ಬ ಅದೇ ಹೆಸರು ಹೇಳಿ ಆಹೇರು, ಅಂದರೆ ಉಡುಗೊರೆ, ಕೊಟ್ಟ.

ಸಿದ್ರಾಮ ಹೋಟಗಿಯವನು, ಕಾಲೇಜಿನಲ್ಲಿ ನನ್ನ ಜೊತೆಗೇ ಓದಿದವನು. ಪರೀಕ್ಷೆಯಲ್ಲಿ ನನಗಿಂತ ಹಿಂದೆ, ಊಟದಲ್ಲಿ ನನಗಿಂತ ಮುಂದೆ. ಅವನಿಗೆ ಅಕ್ಕಲಕೋಟದ ದವಾಖಾನೆ ಸಿಕ್ಕಿತು, ನನಗೆ ಸೂಕ್ಷ್ಮದರ್ಶಕ ಸಿಕ್ಕಿತು. ಅವನ ಅಂಗೈ ಜೋಳದ ಭಕ್ರಿಯಷ್ಟು ಅಗಲ. ಆ ಕೈಯನ್ನು ಆಡಿನ ಹೊಟ್ಟೆಯ ಮೇಲೆ ಇಟ್ಟು “ಏನಾಗ್ಯಾದ ನಮ್ಮವ್ವಗ?” ಎಂದು ಕೇಳುತ್ತಿದ್ದ. ಆಡಿನ ಯಜಮಾನಿಗೆ ಅಷ್ಟರಲ್ಲೇ ಅರ್ಧ ಸಮಾಧಾನ. ನಾನೂ ಒಮ್ಮೆ ಹಾಗೆ ಕೇಳಿ ನೋಡಿದೆ. ಆಡು ನನ್ನ ಅಂಗಿಯ ತೋಳು ಕಚ್ಚಿತು.

ನಮ್ಮ ಕೆಲಸದ ಹಂಚಿಕೆ ಹೀಗಿತ್ತು. ಹಳ್ಳಿಯಲ್ಲಿ ಆಡು ಹಿಕ್ಕೆ ಹಾಕುವುದು ಬಿಟ್ಟು ನೀರು ಹರಿಸಿದರೆ ಅವನು ಮಾದರಿ ತೆಗೆದು ನನಗೆ ಕಳಿಸುವುದು. ನಾನು ಅದನ್ನು ಪ್ಲೇಟಿನಲ್ಲಿ ಬೆಳೆಸಿ, ಬಣ್ಣ ಹಾಕಿ, ಯಾವ ಬ್ಯಾಕ್ಟೀರಿಯಾ ಎಂದು ಗುರುತಿಸಿ, ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ನೋಡಿ ಹೇಳುವುದು. ಅವನು ಆ ಔಷಧ ಕೊಡುವುದು. ಆಡು ಎದ್ದರೆ ಊರಿನವರು ಅವನಿಗೆ ಕೈಮುಗಿಯುವುದು. ಆಡು ಸತ್ತರೆ “ಸೋಲಾಪುರದಿಂದ ರಿಪೋರ್ಟ್ ತಡಾ ಆತು” ಎನ್ನುವುದು.

ನೌಕರಿಗೆ ಸೇರಿದ ಹೊಸತರಲ್ಲಿ ಬೋರಾಮಣಿಯಿಂದ ಒಂದು ಪ್ರಕರಣ ಬಂತು. ಆಗ ಸಿದ್ರಾಮನಿಗೆ ಆ ಕಡೆಯ ಹೆಚ್ಚುವರಿ ಹೊಣೆಯೂ ಇತ್ತು. ಹುಟ್ಟಿದ ಮರಿಗಳು ಮೊದಲ ವಾರವೂ ದಾಟದೆ ಬಿಳಿ ಭೇದಿಯಾಗಿ ಸಾಯುತ್ತಿದ್ದವು. ಮಾದರಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿತ್ತು. ಅಲ್ಲಿ ಆಗ ಎಲ್ಲರೂ ಕೊಡುತ್ತಿದ್ದ ಔಷಧಕ್ಕೆ ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೇರೆ ಔಷಧ ಹೇಳಿದೆ. ಜೊತೆಗೆ ಮರಿ ಹುಟ್ಟಿದ ಮೇಲೆ ಏನು ಕುಡಿಸುತ್ತಾರೆ ಕೇಳು ಎಂದೂ ಹೇಳಿದೆ. ಅವನು ಕೇಳಿದ. ಆ ಹಟ್ಟಿಯಲ್ಲಿ ತಾಯಿಯ ಮಾಸು ಬೀಳುವ ತನಕ ಮರಿಗೆ ಮೊಲೆ ಮುಟ್ಟಿಸುತ್ತಿರಲಿಲ್ಲ. ಗಿಣ್ಣದ ಹಾಲು ಭಾರ, ಮರಿಗೆ ಅರಗುವುದಿಲ್ಲ ಎಂಬುದು ಅವರ ನಂಬಿಕೆ. ಆ ಗಿಣ್ಣದಲ್ಲೇ ಮರಿಗೆ ರೋಗ ತಡೆಯುವ ಶಕ್ತಿ ಇರುತ್ತದೆ. ಅದು ಒಳಗೆ ಹೋಗುವ ಮೊದಲೇ ನೆಲದ ಮೇಲಿನ ಹೊಲಸು ಬಾಯಿಗೆ ಹೋದರೆ ಮರಿ ಉಳಿಯುವುದು ಕಷ್ಟ. ಹೊಸಬರೇ, ಮೊದಲು ಇದನ್ನು ಕೇಳಿ, ಸೂಜಿ ಆಮೇಲೆ.

ಆ ಸಲ ನಾನೂ ಸಿದ್ರಾಮನ ಸ್ಕೂಟರಿನ ಹಿಂದೆ ಕುಳಿತು ಬೋರಾಮಣಿಗೆ ಹೋದೆ. ನನ್ನ ಔಷಧ, ನಾನು ಹುಡುಕಿದ ಕಾರಣ, ನನ್ನ ಕಣ್ಣಾರೆ ನೋಡಬೇಕೆಂಬ ಆಸೆ. ಹಿಂದಿನ ದಿನ ಸೂಜಿ ಮಾಡಿಸಿಕೊಂಡ ಮರಿಗಳು ಅಂಗಳದಲ್ಲಿ ನೆಗೆದಾಡುತ್ತಿದ್ದವು. ಹಟ್ಟಿಯ ಮುದುಕ ಸಿದ್ರಾಮನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

“ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಸಾಹೇಬ್ರ!”

ಆಮೇಲೆ ನನ್ನ ಕಡೆ ನೋಡಿ ಕೇಳಿದ. “ಇವ್ರು ಯಾರ್ರಿ? ಕಂಪೌಂಡರ್ ಏನ್ರಿ?”

ಸಿದ್ರಾಮ ನಕ್ಕು ನಕ್ಕು ಸ್ಕೂಟರ್ ಚಾಲೂ ಮಾಡಲಾರದೆ ನಿಂತ. ದಾರಿಯಲ್ಲಿ ಹಿಂದೆ ತಿರುಗಿ ನನ್ನ ಮೋರೆ ನೋಡಿದ. “ಯಾಕೋ ಮಲ್ಲ್ಯಾ, ಮಾರಿ ಊದಿಸ್ಕೊಂಡಿ? ಕಾರಣ ನಿಂದು, ಕೈಗುಣ ನಂದು. ಹಂಚಿಕೊಂಡೇವಲ್ಲ, ಇನ್ನೇನ್ ಬೇಕು ನಿನಗ?” ಎಂದ. ನನಗೇನು ಬೇಕಿತ್ತೆಂದು ಅಂದೇ ಗೊತ್ತಾಗಿತ್ತು. ಒಮ್ಮೆ, ಒಂದೇ ಒಂದು ಸಲ, ಆಡು ಸಾಕುವ ಒಬ್ಬರ ಬಾಯಿಂದ ಆ ಮಾತು ನನಗೆ ಬರಬೇಕಾಗಿತ್ತು. ಬಡ್ತಿ ಬಂದಿದೆ, ಶಾಲು ಹೊದಿಸಿದ್ದಾರೆ, ಅವೆಲ್ಲ ಕಪಾಟಿನಲ್ಲಿವೆ. ಆ ಮಾತು ಮಾತ್ರ ನೌಕರಿ ಮುಗಿಯುವ ತನಕ ಬರಲಿಲ್ಲ.

ಇನ್ನು ಪೇಢೆಯ ಡಬ್ಬಿಯ ಕಥೆ. ಇದನ್ನು ನೀವು ಬೇರೆಯವರಿಂದ ಕೇಳಿರಬಹುದು, ಅವರು ಉಪ್ಪು ಖಾರ ಹಚ್ಚಿ ಹೇಳಿರುತ್ತಾರೆ. ನಡೆದದ್ದು ಇಷ್ಟು. ಸತ್ತ ಆಡಿನ ಕರುಳು ಕಳಿಸುವಾಗ ಒಂದು ತುಂಡಿನ ಎರಡೂ ತುದಿಗೆ ದಾರ ಕಟ್ಟಿ, ಒಳಗಿನದ್ದು ಸೋರದ ಹಾಗೆ ಮಾಡಿ, ಬರ್ಫಿನಲ್ಲಿ, ಅಂದರೆ ಮಂಜುಗಡ್ಡೆಯಲ್ಲಿ, ಇಟ್ಟು ಕಳಿಸಬೇಕು. ಸಿದ್ರಾಮನ ದವಾಖಾನೆಯ ಥರ್ಮಾಸ್ ಡಬ್ಬಿ ಅಂದು ಒಡೆದಿತ್ತಂತೆ. ಅವನು ಕರುಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬರ್ಫಿನ ಚೀಲದ ಜೊತೆ ಪೇಢೆಯ ಖಾಲಿ ಡಬ್ಬಿಯಲ್ಲಿ ತುಂಬಿ, ಅಕ್ಕಲಕೋಟದಿಂದ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟ. ಅಕ್ಕಲಕೋಟದಿಂದ ಬಂದ ಪೇಢೆಯ ಡಬ್ಬಿ ಎಂದರೆ ಸೋಲಾಪುರದಲ್ಲಿ ಅರ್ಥ ಒಂದೇ, ಅಲ್ಲಿನ ಸ್ವಾಮಿಯ ಗುಡಿಯ ಪ್ರಸಾದ. ನಮ್ಮ ಕಚೇರಿಯ ಸಿಪಾಯಿ ಅದನ್ನು ನೇರ ಮೇಲಧಿಕಾರಿಯ ಟೇಬಲ್ಲಿಗೆ ಒಯ್ದ. ಆ ಮೇಲಧಿಕಾರಿ ಮರಾಠಿಯವರು, ಭಾಳ ಭಕ್ತಿಯ ಮನುಷ್ಯ. ಬೂಟು ಕಳಚಿ ಎದ್ದು ನಿಂತರು. “ವಾ! ಪ್ರಸಾದ ಆಲಾ!” ಎಂದು ಡಬ್ಬಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಮುಚ್ಚಳ ತೆಗೆದರು.

ಆ ಕೋಣೆಯಿಂದ ಬಂದ ಕೂಗಿಗೆ ಇಡೀ ಕಚೇರಿ ಓಡಿತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಇವತ್ತು ಸಿದ್ರಾಮನ ಕಥೆ ಮುಗಿಯಿತು, ಮೆಮೊ ತಪ್ಪಿದ್ದಲ್ಲ. ಆಗಿದ್ದೇನು? ಸಾಹೇಬರು ಮೋರೆ ತೊಳೆದುಕೊಂಡು ಬಂದು, ಮತ್ತೊಮ್ಮೆ ಡಬ್ಬಿಯೊಳಗೆ ಇಣುಕಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಅಕ್ಕಲಕೋಟಕ್ಕೆ ಫೋನು ಹಚ್ಚಿ, ಎಂಥ ಚಂದ ಗಂಟು ಹಾಕಿದ್ದೀ ಮಾರಾಯಾ, ಇಂಥ ಮಾದರಿ ಜಿಲ್ಲೆಯಲ್ಲಿ ಯಾರೂ ಕಳಿಸುವುದಿಲ್ಲ ಎಂದು ಹೊಗಳಿದರು. ಫೋನು ಇಟ್ಟು ನನ್ನ ಕಡೆ ತಿರುಗಿ, ಮಾದರಿ ಬಂದರೆ ಮೊದಲು ನೀನು ಇಸಿದುಕೊಳ್ಳಬೇಕಲ್ಲವೇ ಎಂದು ಗದರಿದರು. ನೋಡಿ, ಡಬ್ಬಿ ಅವನದು, ಬೈಗುಳ ನನ್ನದು! ನಿಮಗೆ ಪಾಠ ಬೇಕಾದರೆ ಇಷ್ಟು: ಎರಡೂ ತುದಿ ಬಿಗಿಯಾಗಿ ಕಟ್ಟಿ, ತಂಪಿನಲ್ಲಿಡಿ, ಹೊರಗೆ ಏನಿದೆಯೆಂದು ದೊಡ್ಡದಾಗಿ ಬರೆಯಿರಿ. ಮಿಠಾಯಿಯ ಡಬ್ಬಿ ಮಾತ್ರ ಬೇಡ.

ಒಂದು ಸಲ ನನ್ನದೇ ಎಡವಟ್ಟು ಆಯಿತು. ಹೋಟಗಿಯ ಕಡೆಯ ಒಂದು ಹಿಂಡಿನಲ್ಲಿ ಜ್ವರ, ದುರ್ವಾಸನೆಯ ಭೇದಿ, ಗಬ್ಬದ ಆಡುಗಳು ಕಂದು ಹಾಕುತ್ತಿದ್ದವು. ಸಾಲ್ಮೊನೆಲ್ಲಾ. ಇದು ಆಡಿನಿಂದ ಮನುಷ್ಯನಿಗೂ ದಾಟುವ ಜಾತಿ. ಕೈ ತೊಳೆಯಿರಿ, ಹಸಿ ಹಾಲು ಕುಡಿಯಬೇಡಿ ಎಂದು ಆ ಮನೆಯವರಿಗೆಲ್ಲ ಹೇಳಿ ಕಳಿಸಿದ ಪಂಡಿತ ನಾನು, ಅದೇ ಮಧ್ಯಾಹ್ನ ಅವಸರದಲ್ಲಿ ಕೈ ಸರಿಯಾಗಿ ತೊಳೆಯದೆ ಭಕ್ರಿ, ಶೇಂಗಾ ಚಟ್ನಿ ತಿಂದೆ. ಆಮೇಲೆ ನನ್ನ ಗತಿ ಆ ಆಡುಗಳಿಗಿಂತ ಕಡೆಯಾಯಿತು. ನನ್ನ ಮಾದರಿಯನ್ನು ನಾನೇ ಪರೀಕ್ಷೆಗೆ ಕೊಟ್ಟು, ಯಾವ ಔಷಧ ಹತ್ತುತ್ತದೆಂದು ದವಾಖಾನೆಯ ಡಾಕ್ಟರಿಗೆ ಮಲಗಿದಲ್ಲಿಂದಲೇ ಹೇಳಿದೆ. ಮಾತ್ರೆ ಹೊಟ್ಟೆಗೆ ಬಿದ್ದು ಜ್ವರ ಇಳಿಯುತ್ತಿರುವ ಹೊತ್ತಿಗೆ ಸಿದ್ರಾಮ ದಾಳಿಂಬೆ ಹಿಡಿದುಕೊಂಡು ಬಂದ, ಹಣೆಯ ಮೇಲೆ ತನ್ನ ಭಕ್ರಿಯಂಥ ಕೈ ಇಟ್ಟ, ಹೋದ. ಸಂಜೆ ನನ್ನ ಹೆಂಡತಿ ನಿರ್ಮಲಾ ನೆರೆಮನೆಯವಳ ಮುಂದೆ ಹೇಳುತ್ತಿದ್ದಾಳೆ.

“ಸಿದ್ರಾಮಣ್ಣ ಬಂದು ಕೈ ಇಟ್ಟಿದ್ದ ತಡಾ, ಜ್ವರಾ ಇಳೀತ್ ನೋಡ್ರಿ. ಏನ್ ಕೈಗುಣ ಅಂತೀನಿ!”

ಹೇಳಿ, ನಾನು ಬದುಕಬೇಕೋ ಬೇಡವೋ? ನನ್ನ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದ ಶ್ರೇಯಸ್ಸನ್ನೂ ಅವನೇ ಒಯ್ದ.

ಈಗ ಕಾಶೀಬಾಯಿಯ ವಿಷಯಕ್ಕೆ ಬರುತ್ತೇನೆ. ಅಕ್ಕಲಕೋಟದ ಅಂಚಿನಲ್ಲಿ, ಯಾತ್ರಿಕರ ಗಾಡಿಗಳು ನಿಲ್ಲುವ ಬಯಲಿನ ಹಿಂದೆ ಆಕೆಯ ಮನೆ. ಗಂಡ ತೀರಿದ ಮೇಲೆ ಆಡುಗಳೇ ಆಕೆಗೆ ಹೊಟ್ಟೆಪಾಡು, ಆಡುಗಳೇ ಮಾತಿಗೆ ಜೊತೆ. ಕರೀ ಉಸ್ಮಾನಾಬಾದಿ ಆಡುಗಳು, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿದ್ದವು. ಅವುಗಳಲ್ಲಿ ರಾಣಿ ಎಂಬುದು ಆಕೆಯ ಹಾಸಿಗೆಯ ಬುಡದಲ್ಲೇ ಮಲಗುತ್ತಿತ್ತಂತೆ. ಒಂದು ಜಾತ್ರೆಯ ಹಂಗಾಮಿನಲ್ಲಿ ಆ ಆಡುಗಳು ಒಂದೊಂದಾಗಿ ಸಾಯತೊಡಗಿದವು. ಬಡಕಲು ಆಡಿಗೆ ಏನೂ ಇಲ್ಲ, ಮೈತುಂಬಿದವೇ ಸಾಯುತ್ತಿದ್ದವು. ಸಂಜೆ ಚೆನ್ನಾಗಿದ್ದದ್ದು ಬೆಳಗಾಗುವುದರೊಳಗೆ ಹೊಟ್ಟೆನೋವಿನಿಂದ ಒದರಿ, ನೀರಿನಂಥ ಭೇದಿಯಲ್ಲಿ ರಕ್ತ ಬೆರೆತು, ಕಾಲು ಸೆಟೆದು ಮುಗಿಯುತ್ತಿತ್ತು.

ಸಿದ್ರಾಮ ಜಂತುವಿನ ಔಷಧ ಕೊಟ್ಟ, ಸೂಜಿ ಮಾಡಿದ. ಉಪಯೋಗವಾಗಲಿಲ್ಲ. ರಾಣಿಗೆ ಸಲಾಯಿನ್ ಹಚ್ಚಿ ಅದರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದ. ಆ ಕೈಯ ಕೆಳಗೇ ರಾಣಿ ಸತ್ತಿತು. ಕಾಶೀಬಾಯಿ ಅಳಲಿಲ್ಲವಂತೆ. ಅವನ ಕೈಯನ್ನು ಆಡಿನ ಮೈಯಿಂದ ಎತ್ತಿ ಪಕ್ಕಕ್ಕಿಟ್ಟು ಹೇಳಿದಳಂತೆ.

“ಮಂದಿ ಎಲ್ಲಾ ಕೈಗುಣ ಕೈಗುಣ ಅಂತಾರ. ಎಲ್ಲೈತ್ರಿ ಅದು?”

ಅಂದು ಸಿದ್ರಾಮ ಮಾದರಿಯನ್ನು ಬಸ್ಸಿನಲ್ಲಿ ಕಳಿಸಲಿಲ್ಲ, ತಾನೇ ತಂದ. ತುದಿ ಕಟ್ಟಿದ ಕರುಳು, ಮೂತ್ರಕೋಶದಿಂದ ಸಿರಿಂಜಿನಲ್ಲಿ ಎಳೆದುಕೊಂಡ ಮೂತ್ರ, ಎಲ್ಲ ನೇಟಾಗಿ ಇತ್ತು. ನನ್ನ ಪಕ್ಕದ ಸ್ಟೂಲಿನ ಮೇಲೆ ಕುಳಿತ. ನಗಲಿಲ್ಲ, ಚಹಾ ಕೇಳಲಿಲ್ಲ. “ಮಲ್ಲ್ಯಾ, ಏನದ ಅಷ್ಟು ಹೇಳು” ಎಂದ. ನನಗೆ ಅವನ ಮೇಲೆ ಮರುಕ ಬಂತೆಂದು ಬರೆದರೆ ನೀವು ಮೆಚ್ಚುತ್ತೀರಿ. ನನಗೆ ಬಂದದ್ದು ಸಂತೋಷ. ಕೊನೆಗೂ ಕೈಗುಣ ಸೂಕ್ಷ್ಮದರ್ಶಕದ ಬಾಗಿಲಿಗೆ ಬಂದು ಕುಳಿತಿತಲ್ಲ ಎಂದು.

ಕರುಳಿನ ಒಳಗಿನದ್ದನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದೆ. ದಪ್ಪ, ಗಿಡ್ಡ, ನೇರಳೆ ಬಣ್ಣದ ಕಡ್ಡಿಗಳು ಕಣ್ಣು ಹಾಯಿಸಿದಲ್ಲೆಲ್ಲ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಮೂತ್ರದಲ್ಲಿ ಸಕ್ಕರೆ. ಇದು ಕರುಳು ನಂಜು ಎಂದು ನನಗೆ ಬಹುತೇಕ ಖಾತ್ರಿಯಾಯಿತು. ನಂಜಿನ ಪರೀಕ್ಷೆಗೆ ಮೇಲಿನ ಪ್ರಯೋಗಾಲಯಕ್ಕೂ ಮಾದರಿ ಕಳಿಸಿದೆ. ಹೊಸಬರೇ, ಈ ಬ್ಯಾಕ್ಟೀರಿಯಾ ಹೊರಗಿನಿಂದ ಬರುವ ಕಳ್ಳ ಅಲ್ಲ, ಮನೆಯಾಳು. ಆರೋಗ್ಯದ ಆಡಿನ ಕರುಳಿನಲ್ಲೂ ಸುಮ್ಮನೆ ಸ್ವಲ್ಪ ಬಿದ್ದುಕೊಂಡಿರುತ್ತದೆ. ಆಡು ಒಮ್ಮೆಲೇ ಕಾಳು, ಅನ್ನ, ಹಿಟ್ಟು ಹೊಟ್ಟೆತುಂಬ ತಿಂದಿತೋ, ಅರಗದೆ ಉಳಿದದ್ದು ಕೆಳಗಿಳಿದು ಇದಕ್ಕೆ ಹಬ್ಬವಾಗುತ್ತದೆ, ಬೆಳೆದು ವಿಷ ಕಾರುತ್ತದೆ. ಅದಕ್ಕೇ ನುಗ್ಗಿ ತಿನ್ನುವ ಪುಷ್ಟ ಆಡುಗಳೇ ಮೊದಲು ಸಾಯುವುದು. ವಿಷ ರಕ್ತಕ್ಕೆ ಸೇರಿದ ಮೇಲೆ ಯಾವ ಸೂಜಿಯೂ ಹೆಚ್ಚು ಸಾಗುವುದಿಲ್ಲ.

“ಏನ್ ತಿಂದಾವ?” ಎಂದು ಕೇಳಿದೆ.

“ಬಯಲಾಗ ಮೇಯ್ತಾವ, ಮನ್ಯಾಗ ಹೊಟ್ಟು ಹಾಕ್ತಾಳ.”

“ಅದಲ್ಲ. ಬ್ಯಾರೇನೋ ಅದ. ನಾಳೆ ನಾನ ಬರ್ತೀನಿ” ಎಂದೆ. ಎಷ್ಟೋ ವರ್ಷಗಳ ಮೇಲೆ ನಾನಾಗಿ ಹೊರಗೆ ಹೊರಟದ್ದು ಅದು. ಕಾರಣವೂ ನನ್ನದಾಗಬೇಕು, ಕಾಶೀಬಾಯಿಯ ಬಾಯಿಂದ ಆ ಮಾತೂ ನನ್ನದಾಗಬೇಕು ಎಂಬ ದುರಾಸೆ.

ಹೋದ ಕೂಡಲೇ ಕಾರಣ ಕಣ್ಣಿಗೆ ಬಿತ್ತು. ಕೊಟ್ಟಿಗೆಯ ಮೂಲೆಯಲ್ಲಿ ನೀಲಿ ಬಕೆಟ್ಟು, ಅದರ ತುಂಬ ಅನ್ನ, ಶೀರಾ, ಚಪಾತಿ, ಹೋಳಿಗೆಯ ತುಂಡುಗಳು. ದೂರದಿಂದ ಬಂದ ಕುಟುಂಬಗಳು ಹರಕೆಯೆಂದು ಆ ಬಯಲಿನಲ್ಲಿ ಊಟ ಹಾಕಿಸುತ್ತಿದ್ದವು. ಜಾತ್ರೆಯ ಹಂಗಾಮಿನಲ್ಲಿ ಅದು ಜೋರು. ಉಳಿದದ್ದನ್ನು ಚೆಲ್ಲುವುದು ಪಾಪವೆಂದು ಕಾಶೀಬಾಯಿ ಹೊತ್ತು ತಂದು ಆಡುಗಳಿಗೆ ಇಡುತ್ತಿದ್ದಳು. ರಾಣಿಗೆ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಹೆಚ್ಚು.

ನಾನು ಹಿಂದುಮುಂದು ನೋಡದೆ ಬಕೆಟ್ಟಿಗೆ ಬೆರಳು ತೋರಿಸಿದೆ. “ಇದ ನೋಡ್ರಿ ವಿಷ. ಇದನ್ನ ತಿಂದ ಸತ್ತಾವ.”

ಆಕೆಯ ಮೋರೆ ಕೆಂಪಾಯಿತು. “ಏನಂದ್ರಿ? ಪ್ರಸಾದಕ್ಕ ವಿಷ ಅಂದ್ರೇನ್ರಿ? ಸ್ವಾಮಿ ಹೆಸರೀಲೆ ಬಡಿಸಿದ ಅನ್ನಾರಿ ಅದು! ಕಾಲಿಗೆ ಬೀಳ್ತೀನಿ, ಮೊದಲ ನನ್ನ ಅಂಗಳದಿಂದ ಹೊರಗ ನಡೀರಿ.”

ನಾನು ಬ್ಯಾಕ್ಟೀರಿಯಾದ ಹೆಸರು ಹೇಳಿದೆ. ಕರುಳು, ಪಿಷ್ಟ, ನಂಜು ಎಂದು ಬಡಬಡಿಸಿದೆ. ಆಕೆ ಕಸ ಗುಡಿಸುವ ಬಾರಿಗೆ ಕೈಗೆತ್ತಿಕೊಂಡಳು. ನಾನು ಬೇಲಿಯಾಚೆ ಬಂದು ನಿಂತೆ, ಖರೇ ಹೇಳುತ್ತೇನೆ, ಓಡಿ ಬಂದೆ.

ಸಿದ್ರಾಮ ಹೋಗಲಿಲ್ಲ. ಆಕೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಆಕೆಯನ್ನು ಅವನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ.

“ಮಾವಶಿ, ಒಂದ್ ಮಾತು ಹೇಳು. ನೀ ಗುಡಿಗೆ ಹೋದಾಗ ಪ್ರಸಾದ ಎಷ್ಟು ತಗೋತಿ?”

ಆಕೆ ಸಿಟ್ಟಿನಲ್ಲೇ ಬಲಗೈ ಅಂಗೈ ತಗ್ಗು ಮಾಡಿ ತೋರಿಸಿದಳು. “ಇಷ್ಟು.”

“ಮತ್ತ ಆಡಿಗೆ ಯಾಕ ಬಕೀಟ? ಪ್ರಸಾದ ಅಂದ್ರ ಅಂಗೈಯಷ್ಟ ಅಲ್ಲೇನು? ಅದಕ್ಕಿಂತ ಹೆಚ್ಚಾದ್ರ ಅದು ಊಟ ಆತು. ಆಡಿನ ಊಟ ಮೇವು.”

ಆಕೆ ತನ್ನ ಅಂಗೈ ನೋಡಿಕೊಂಡಳು, ಬಕೆಟ್ಟು ನೋಡಿದಳು. ಬಾರಿಗೆ ಕೆಳಗೆ ಬಿತ್ತು. “ಅಯ್ಯ ನನ್ನವ್ವ! ನಾನ ತಿನಿಸಿ ಕೊಂದ್ನೇನ್ರಿ ರಾಣಿನ್ನ?” ಎಂದು ಆಗ ಅತ್ತಳು, ಅಷ್ಟು ದಿನದ ಅಳು ಎಲ್ಲ ಸೇರಿಸಿ ಅತ್ತಳು. ಸಿದ್ರಾಮ ಎದ್ದು ಹೋಗದೆ ಅಲ್ಲೇ ಕುಳಿತಿದ್ದ. “ಜೀವದ ಪ್ರೀತೀಲೆ ಕೊಟ್ಟಿ, ಗೊತ್ತಿರಲಿಲ್ಲ. ಇನ್ನ ಮ್ಯಾಲ ಅಂಗೈಯಷ್ಟ ಕೊಡು” ಎಂದ.

ಬೇಲಿಯಾಚೆ ನಿಂತ ನನಗೆ ಆದ ಸಂಕಟ ನಾನೇ ಬಲ್ಲೆ. ಅವನ ಕೈಯ ಮೇಲೆ ಹೊಟ್ಟೆಕಿಚ್ಚು ಪಡುವುದು ಹಳೆಯದಾಗಿತ್ತು, ಅಂದಿನಿಂದ ಅವನ ನಾಲಗೆಯ ಮೇಲೂ ಶುರುವಾಯಿತು. ಉಳಿದ ಆಡುಗಳಿಗೆ ಲಸಿಕೆ ಹಾಕಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಹಾಕಿದೆವು. ಬಕೆಟ್ಟು ನಿಂತಿತು, ಸಾವೂ ನಿಂತಿತು. ಅಕ್ಕಲಕೋಟದ ಮಂದಿ ಎಂದಿನಂತೆ ಸಿದ್ರಾಮ ಡಾಕ್ಟರರ ಕೈಗುಣ ಎಂದರು. ಕಾಶೀಬಾಯಿ ಮಾತ್ರ ಅನ್ನಲಿಲ್ಲ. ಅವನು ಹೇಳಿದ್ದನ್ನೆಲ್ಲ ಪಾಲಿಸಿದಳು, ಗಿಣ್ಣ ಕುಡಿಸುವುದು, ಮರಿಗೆ ಭೇದಿಯಾದರೆ ಉಪ್ಪು ಸಕ್ಕರೆ ಹಾಕಿ ಕುದಿಸಿ ಆರಿಸಿದ ನೀರು ಕುಡಿಸುವುದು, ಎಲ್ಲ ಕಲಿತಳು. ಆ ಒಂದು ಮಾತು ಅವನಿಗೂ ಅನ್ನಲಿಲ್ಲ, ನನಗಂತೂ ಅನ್ನುವ ಮಾತೇ ಇರಲಿಲ್ಲ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಆಡು ಸೊರಗಿ ಸೊರಗಿ ಕಡೆಗೆ ಹಿಕ್ಕೆ ಮೆತ್ತಗಾಗುವ ಜೋನೀಸ್ ರೋಗದ ಬ್ಯಾಕ್ಟೀರಿಯಾ ಪ್ಲೇಟಿನಲ್ಲಿ ಬೆಳೆಯಲು ನಾವು ತಿಂಗಳುಗಟ್ಟಲೆ ಕಾದಿದ್ದೇವೆ. ಅದು ಬೆಳೆಯುವಷ್ಟರಲ್ಲಿ ಆಡೂ ಇರುತ್ತಿರಲಿಲ್ಲ. ನೀವು ಈಗ ಮಾದರಿಯನ್ನು ಪಿಸಿಆರ್ ಯಂತ್ರಕ್ಕೆ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಉತ್ತರ ಬಂದಿರುತ್ತದೆ. ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಂತ್ರ ಬಕೆಟ್ಟನ್ನು ತೋರಿಸುವುದಿಲ್ಲ, ಅಂಗಳಕ್ಕೆ ಹೋಗಿ ನೋಡಿ. ಹೋದಾಗ ಬಾಯಿ ನನ್ನ ಹಾಗೆ ಬಿಡಬೇಡಿ.

ನಿವೃತ್ತಿಯಾದ ಮೇಲೆ ನನ್ನ ಫೋನು ತಣ್ಣಗಿದೆ. ಸಿದ್ರಾಮನೂ ನಿವೃತ್ತನಾಗಿದ್ದಾನೆ, ಆದರೆ ಅವನ ಫೋನಿಗೆ ನಿವೃತ್ತಿಯಿಲ್ಲ. ಆಡಿನ ಹಿಂಭಾಗವನ್ನು ಕ್ಯಾಮೆರಾಕ್ಕೆ ಹಿಡಿದು ಜನ ಅವನಿಗೆ ವಿಡಿಯೊ ಕಾಲ್ ಮಾಡುತ್ತಾರೆ. ಒಮ್ಮೆ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಬಂತು. ನಿರ್ಮಲಾ ತಟ್ಟೆ ಸರಿಸಿ ನಕ್ಕಳು. ನನಗೆ ಆ ಭೇದಿಯ ಬಣ್ಣ ನೋಡುವ ಆಸೆ, ಕತ್ತು ಉದ್ದ ಮಾಡಿದರೂ ಅವನು ಫೋನು ತಿರುಗಿಸಲಿಲ್ಲ.

ಕಳೆದ ತಿಂಗಳು ಒಂದು ಗುರುವಾರ ನಿರ್ಮಲಾ ಜೊತೆ ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗಿದ್ದೆ. ಸಿದ್ರಾಮ ಮಗಳ ಮನೆಗೆಂದು ಪುಣೆಗೆ ಹೋಗಿದ್ದ. ದರ್ಶನ ಮುಗಿಸಿ ಬಯಲು ದಾಟುವಾಗ ಯಾರೋ ಕೂಗಿದರು. ನೋಡಿದರೆ ಕಾಶೀಬಾಯಿ, ತಲೆ ಪೂರ್ತಿ ಬೆಳ್ಳಗಾಗಿದೆ.

“ಸೋಲಾಪುರದ ಸಾಹೇಬ್ರಲ್ಲ? ಬರ್ರಿ, ಬರ್ರಿ. ಸಿದ್ರಾಮ ಡಾಕ್ಟರ್ ಊರಾಗಿಲ್ಲ. ಮರಿ ಮಲಗಿಬಿಟ್ಟೈತ್ರಿ, ನಿನ್ನಿಯಿಂದ ನೀರ್ ನೀರ್ ಆಗಾಕತ್ತೈತಿ.”

ಎಳೆಯ ಮರಿ, ಗೋಣಿಯ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಪಾತೇಲಿ, ಚಮಚ, ಉಪ್ಪು ಸಕ್ಕರೆಯ ನೀರು. ಬೆಳಗಿನಿಂದ ಸ್ವಲ್ಪ ಸ್ವಲ್ಪ ಹಾಕುತ್ತಿದ್ದಾಳಂತೆ. ಹುಟ್ಟಿದ ಕೂಡಲೇ ಗಿಣ್ಣ ಕುಡಿಸಿದ್ದಳಂತೆ. ನಾನು ಕುಳಿತು ಬಾಯೊಳಗೆ ಬೆರಳಿಟ್ಟೆ. ಬೆಚ್ಚಗಿತ್ತು, ಬೆರಳನ್ನು ಚೀಪಿತು. ಕುತ್ತಿಗೆಯ ತೊಗಲು ಎಳೆದು ಬಿಟ್ಟೆ, ಸರಕ್ಕನೆ ಹಿಂದೆ ಹೋಯಿತು. ಇದು ಸಾಯುವ ಮರಿಯಲ್ಲ, ಚೇತರಿಸುತ್ತಿರುವ ಮರಿ. ಮಾದರಿ ತೆಗೆಯಲು ನನ್ನ ಜೇಬಿನಲ್ಲಿ ಹತ್ತಿಯ ಕಡ್ಡಿಯೂ ಇರಲಿಲ್ಲ. ಏನು ಮಾಡಬೇಕೋ ತಿಳಿಯದೆ ಸುಮ್ಮನೆ ಅದರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕುಳಿತೆ. ಆಕೆ ಚಹಾ ಮಾಡಲು ಒಳಗೆ ಹೋದಳು.

ಚಹಾ ಬರುವುದರೊಳಗೆ ಮರಿ ನನ್ನ ಕೈ ಕೊಡವಿ ಎದ್ದು, ತೂರಾಡುತ್ತ ಹೋಗಿ ತಾಯಿಯ ಕೆಚ್ಚಲಿಗೆ ಗುಮ್ಮಿತು, ಬಾಲ ಅಲ್ಲಾಡಿಸಿತು.

ಕಾಶೀಬಾಯಿ ಚಹಾದ ಕಪ್ಪು ಬಸಿ ಹಿಡಿದು ಬಾಗಿಲಲ್ಲೇ ನಿಂತಳು. “ಅಯ್ಯ! ಎದ್ದಿತಲ್ರಿ! ಸಾಹೇಬ್ರ, ಏನ್ ಹೇಳ್ಲಿ... ನಿಮ್ಮ ಕೈಗುಣ ಭಾಳ ಛಲೋ ಐತ್ರಿ!”

ನಾನು ನನ್ನ ಕೈ ನೋಡಿಕೊಂಡೆ. ನಿರ್ಮಲಾ ಸೆರಗು ಬಾಯಿಗೆ ಹಿಡಿದು ನನ್ನ ಮೋರೆ ನೋಡುತ್ತಿದ್ದಳು. ಚಹಾ ಕುಡಿದೆನೋ ಇಲ್ಲವೋ ನೆನಪಿಲ್ಲ.

ಬಸ್‌ಸ್ಟ್ಯಾಂಡಿಗೆ ಬಂದವನೇ ಸಿದ್ರಾಮನಿಗೆ ಫೋನು ಹಚ್ಚಿದೆ. ಎಲ್ಲ ಹೇಳಿದೆ, ಆ ಮಾತನ್ನು ಆಕೆಯ ರಾಗದಲ್ಲೇ ಹೇಳಿದೆ. ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ.

“ಕಾಶೀಬಾಯಿ ಅಂದ್ಲಾ?”

“ಹೂಂ.”

“ಆಕಿ ಬಾಯಿಲೆ?”

“ಆಕಿ ಬಾಯಿಲೆ.”

“ರಾಣಿ ಸತ್ತ ಮ್ಯಾಲ ಆಕಿ ನನಗ ಒಮ್ಮೆನೂ ಅಂದಿಲ್ಲೋ ಮಲ್ಲ್ಯಾ. ಊರೆಲ್ಲಾ ಅಂತಿತ್ತು. ನನಗ ಊರು ಬೇಕಾಗಿರಲಿಲ್ಲ. ಆಕಿ ಒಬ್ಬಾಕಿ ಅನ್ನಲಿ ಅಂತ ಎಷ್ಟ್ ದಾರಿ ನೋಡೀನಿ. ನೀ ಒಮ್ಮೆ ಹ್ವಾದಿ, ನಿನಗ ಅಂದ್ಲು.”

ಆ ಧ್ವನಿಯಲ್ಲಿ ಇದ್ದದ್ದನ್ನು ಗುರುತಿಸಲು ನನಗೆ ಸೂಕ್ಷ್ಮದರ್ಶಕ ಬೇಕಾಗಲಿಲ್ಲ. ಅದು ಹೊಟ್ಟೆಕಿಚ್ಚು, ಶುದ್ಧ, ಬೆರಕೆಯಿಲ್ಲದ್ದು. ಜೀವಮಾನವೆಲ್ಲ ನಾನು ಕಾದಿದ್ದ ಧ್ವನಿ. ಖುಷಿಯಾಯಿತು, ಭಾಳ ಖುಷಿಯಾಯಿತು. ಆದರೆ ಕಾರಣ ಹೇಳದೆ ಮಾದರಿಯನ್ನು ಕೆಳಗಿಡುವ ಅಭ್ಯಾಸ ನನಗಿಲ್ಲ.

“ಕೇಳಿಲ್ಲೆ ಸಿದ್ರಾಮಾ. ಮರಿ ಎದ್ದದ್ದು ನನ್ನ ಕೈಯಿಂದ ಅಲ್ಲ. ಹುಟ್ಟಿದ ಕೂಡಲೇ ಗಿಣ್ಣ ಕುಡಿಸ್ಯಾಳ. ಮುಂಜಾನಿಂದ ಉಪ್ಪು ಸಕ್ಕರಿ ನೀರು ಹಾಕ್ಯಾಳ. ಎಲ್ಲಾ ನೀ ಕಲಿಸಿದ್ದು. ನಾ ಹೋಗೋದ್ರಾಗ ಅದು ಅರ್ಧಾ ಎದ್ದಿತ್ತು.”

“ಖರೇನ?”

“ಖರೇನ.”

“ಹಂಗಂತ ಆಕಿಗೆ ಹೇಳಿದೇನು?”

“ಇಲ್ಲ.”

“ಯಾಕ ಹೇಳಲಿಲ್ಲೋ?”

“ಯಾಕ ಹೇಳ್ಲಿ? ಕಾರಣ ನಿಂದು, ಕೈಗುಣ ನಂದು. ಹಂಚಿಕೊಂಡೇವಲ್ಲ, ಇನ್ನೇನ್ ಬೇಕು ನಿನಗ?”

ಅವನು ನನ್ನನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬಾಯಿಗೆ ಬಂದ ಹಾಗೆ ಬೈಯತೊಡಗಿದ. ಸೋಲಾಪುರದ ಬಸ್ಸು ಬಂತು. ಫೋನು ಕಿವಿಗೆ ಹಿಡಿದುಕೊಂಡೇ ಹತ್ತಿ, ಕಿಟಕಿಯ ಪಕ್ಕ ಕುಳಿತು ಪೂರ್ತಿ ಕೇಳಿದೆ.